ನಕಲು ಮಾಡೋಕೇ ಆಗದ ನೋಟು

ಮಂಡಕಳ್ಳಿ ವಿಮಾನ ನಿಲ್ದಾಣ ಅಂದರೆ ಮೈಸೂರಿನವರಿಗೆ ನಂಜನಗೂಡು ರಸ್ತೆಯಲ್ಲಿ ಸಿಗುವ ಒಂದು ಪುಟ್ಟ ನಿಲ್ದಾಣ, ಅಷ್ಟೇ. ದೊಡ್ಡ ವಿಮಾನ ಹತ್ತಬೇಕಾದರೆ ನಾವೆಲ್ಲ ಬೆಂಗಳೂರಿಗೇ ಹೋಗೋದು. ಆದರೆ 2016ರ ನವೆಂಬರ್‌ನಲ್ಲಿ ಇದೇ ಪುಟ್ಟ ನಿಲ್ದಾಣದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮೈಸೂರಿನ ರಿಸರ್ವ್ ಬ್ಯಾಂಕ್ ನೋಟು ಮುದ್ರಣಾಲಯದಲ್ಲಿ ಗುಟ್ಟಾಗಿ ಅಚ್ಚಾದ 2000 ರೂಪಾಯಿ ನೋಟುಗಳು ಮಂಡಕಳ್ಳಿಯಿಂದಲೇ ಬಾಡಿಗೆ ವಿಮಾನದಲ್ಲಿ ದೆಹಲಿ ಕಡೆ ಹಾರಿದವು ಅನ್ನೋದು ಆಗಿನ ಸುದ್ದಿ.

ಆ ನೋಟು ಬಂದ ಮೊದಲ ವಾರ ನೆನಪಿದೆಯಾ? ಅದರೊಳಗೆ ಚಿಪ್ ಇದೆ, ಉಪಗ್ರಹಕ್ಕೆ ಸಿಗ್ನಲ್ ಕಳಿಸುತ್ತೆ, ನೆಲದಡಿ ಹೂತಿಟ್ಟರೂ ಪತ್ತೆಯಾಗುತ್ತೆ ಅಂತೆಲ್ಲ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಅದ್ಯಾವುದೂ ಇರಲಿಲ್ಲ. ಇದ್ದದ್ದು ನೀರ್ಗುರುತು, ಭದ್ರತಾ ದಾರ, ಬಣ್ಣ ಬದಲಾಯಿಸುವ ಶಾಯಿ. ಇವೆಲ್ಲ ನಕಲು ಮಾಡೋದನ್ನು ಕಷ್ಟ ಮಾಡುತ್ತವೆ, ಅಸಾಧ್ಯ ಮಾಡೋದಿಲ್ಲ. ಒಳ್ಳೆ ಕಾಗದ, ಒಳ್ಳೆ ಯಂತ್ರ, ಕೆಟ್ಟ ಬುದ್ಧಿ ಇದ್ದವನು ಇವತ್ತಲ್ಲ ನಾಳೆ ನಕಲು ಮಾಡಬಲ್ಲ.

ಹಾಗಾದರೆ ನಕಲು ಮಾಡೋಕೇ ಆಗದ ನೋಟು ಅಂತ ಒಂದಿರಬಹುದಾ? ಇರಬಹುದು ಅಂತ ಸುಮಾರು 1970ರ ಹೊತ್ತಿಗೇ ಒಬ್ಬ ಯುವಕ ಬರೆದಿಟ್ಟಿದ್ದ. ಆ ಯೋಚನೆಯಿಂದ ಹುಟ್ಟಿದ ಒಂದು ಪ್ರಬಂಧ 1984ರಲ್ಲಿ ಜಗತ್ತಿನ ಮುಂದೆ ಬಂತು. ಅಮೆರಿಕದಲ್ಲೋ ಯುರೋಪಿನಲ್ಲೋ ಅಲ್ಲ, ನಮ್ಮ ಬೆಂಗಳೂರಿನಲ್ಲಿ!

ಆ ಕಥೆಗೆ ಬರ್ತೀನಿ. ಅದಕ್ಕೂ ಮೊದಲು, ಈ ಅಂಕಣಕ್ಕೆ ಬರುವ ಮೆಸೇಜುಗಳಲ್ಲಿ ಪದೇಪದೇ ಕಾಣುವ ಒಂದು ಪ್ರಶ್ನೆ ತಗೊಳ್ಳೋಣ: "ಕ್ವಾಂಟಂ ಕಂಪ್ಯೂಟರ್ ಮಾಡುವಂಥದ್ದು, ನಮ್ಮ ಮಾಮೂಲಿ ಕಂಪ್ಯೂಟರ್ ಮಾಡಲಾಗದ್ದು, ನಿಜವಾಗಿ ಏನಿದೆ?"

ಮೊದಲ ಉತ್ತರ: ಏನೂ ಇಲ್ಲ

ಗಾಬರಿ ಆಗಬೇಡಿ, ಇದು ತಮಾಷೆಯಲ್ಲ. ಲೆಕ್ಕದ ಮಟ್ಟಿಗೆ ಹೇಳೋದಾದರೆ, ಕ್ವಾಂಟಂ ಕಂಪ್ಯೂಟರ್ ಬಿಡಿಸುವ ಯಾವುದೇ ಲೆಕ್ಕವನ್ನು ನಿಮ್ಮ ಲ್ಯಾಪ್‌ಟಾಪ್ ಕೂಡ ಬಿಡಿಸಬಲ್ಲದು. ಪೆನ್ನು ಪೇಪರ್ ಹಿಡಿದು ನೀವೂ ಬಿಡಿಸಬಹುದು. ಒಂದೇ ಷರತ್ತು, ಬೇಕಾದಷ್ಟು ಸಮಯ ಮತ್ತು ಬೇಕಾದಷ್ಟು ಮೆಮೊರಿ ಇರಬೇಕು.

ಆ 'ಬೇಕಾದಷ್ಟು' ಅನ್ನೋ ಪದದಲ್ಲೇ ಇರೋದು ಎಲ್ಲ ಕಥೆ. ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಕ್ಯೂಬಿಟ್‌ನ ಸ್ಥಿತಿಯನ್ನು ಬರೆದಿಡೋಕೆ 2 ಸಂಖ್ಯೆ ಬೇಕು. ಎರಡು ಕ್ಯೂಬಿಟ್‌ಗೆ 4. ಮೂರಕ್ಕೆ 8. ಒಂದೊಂದು ಕ್ಯೂಬಿಟ್ ಸೇರಿದಾಗಲೂ ದುಪ್ಪಟ್ಟು. ಚದುರಂಗದ ಮನೆಗಳಲ್ಲಿ ಅಕ್ಕಿ ಕಾಳು ಇಟ್ಟ ಕಥೆ ಗೊತ್ತಲ್ಲ, ಅದೇ. ಒಂದು ಸಂಖ್ಯೆಗೆ 16 ಬೈಟ್ ಅಂತ ಹಿಡಿದರೆ 30 ಕ್ಯೂಬಿಟ್‌ಗೆ ಸುಮಾರು 17 ಜಿಬಿ ಬೇಕು. 40ಕ್ಕೆ 17 ಸಾವಿರ ಜಿಬಿ ದಾಟುತ್ತೆ. 50ಕ್ಕೆ ಸುಮಾರು 1.8 ಕೋಟಿ ಜಿಬಿ. 300 ಕ್ಯೂಬಿಟ್‌ಗೆ ಬಂದರೆ ಸಂಖ್ಯೆಗಳನ್ನು ಬರೆಯೋಕೆ ಕಣ್ಣಿಗೆ ಕಾಣುವ ಇಡೀ ವಿಶ್ವದ ಪರಮಾಣುಗಳೂ ಸಾಲೋದಿಲ್ಲ.

ಬೆಂಗಳೂರಿನ ಕ್ಯೂಪೈಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ನ 'ಇಂಡಸ್' ಯಂತ್ರವನ್ನು ಪ್ರಕಟಿಸಿತು. ಹೆಮ್ಮೆಯ ವಿಷಯವೇ. ಆದರೆ ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ: 25 ಕ್ಯೂಬಿಟ್‌ಗೆ ಬೇಕಾದ ಮೆಮೊರಿ ಸುಮಾರು ಅರ್ಧ ಜಿಬಿ. ಅಂದರೆ ಈ ಅಂಕಣ ಓದ್ತಿರೋ ನಿಮ್ಮ ಫೋನಿನಲ್ಲೇ ಆ ಯಂತ್ರದ ಸ್ಥಿತಿಯನ್ನು ಪೂರ್ತಿ ಇಟ್ಟುಕೊಳ್ಳಬಹುದು. ಇದು ಅವರನ್ನು ಹೀಗಳೆಯೋ ಮಾತಲ್ಲ. ಶೂನ್ಯಕ್ಕಿಂತ ಮೈನಸ್ 273 ಡಿಗ್ರಿ ಹತ್ತಿರದ ಚಳಿಯಲ್ಲಿ 25 ಕ್ಯೂಬಿಟ್ ಜೊತೆಯಾಗಿ ಕೆಲಸ ಮಾಡುವ ಹಾಗೆ ನೋಡಿಕೊಳ್ಳೋದು ಕಲಿತರೆ ತಾನೇ ಮುಂದೆ 250, 2500 ಸಾಧ್ಯ? ಅಡಿಪಾಯ ಹಾಕೋವಾಗ ಕಟ್ಟಡ ಕಾಣೋದಿಲ್ಲ.

'ಎಲ್ಲ ಉತ್ತರ ಒಟ್ಟಿಗೆ' ಅನ್ನೋ ಸುಳ್ಳು

ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳೋದು ಒಂದೇ: ಮಾಮೂಲಿ ಕಂಪ್ಯೂಟರ್ ಒಂದೊಂದೇ ಉತ್ತರ ಪರೀಕ್ಷಿಸುತ್ತೆ, ಕ್ವಾಂಟಂ ಕಂಪ್ಯೂಟರ್ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸುತ್ತೆ. ಇದು ಅರ್ಧ ಸತ್ಯ, ಹಾಗಾಗಿ ಪೂರ್ತಿ ಸುಳ್ಳಿಗಿಂತ ಅಪಾಯ.

ಎಲ್ಲ ಸಾಧ್ಯತೆಗಳೂ ಒಟ್ಟಿಗೆ ಇರುತ್ತವೆ, ನಿಜ. ಆದರೆ ಕೊನೆಗೆ ಯಂತ್ರವನ್ನು ಅಳೆದಾಗ ಕೈಗೆ ಸಿಗೋದು ಒಂದೇ ಒಂದು. ಅದೂ ಲಾಟರಿ ಥರ. ಬರೀ ಇಷ್ಟೇ ಆಗಿದ್ದರೆ ನಾಣ್ಯ ಚಿಮ್ಮಿ ಉತ್ತರ ಊಹಿಸೋದಕ್ಕೂ ಇದಕ್ಕೂ ವ್ಯತ್ಯಾಸವೇ ಇರ್ತಿರಲಿಲ್ಲ.

ನಿಜವಾದ ಮಾಯೆ ಇರೋದು ಬೇರೆ ಕಡೆ. ಕುಕ್ಕರಹಳ್ಳಿ ಕೆರೆಗೆ ಎರಡು ಕಲ್ಲು ಎಸೆಯಿರಿ. ಎರಡು ಕಡೆಯಿಂದ ಅಲೆಗಳು ಬರ್ತವೆ. ಏರು ಏರನ್ನು ಸೇರಿದ ಕಡೆ ನೀರು ಇನ್ನೂ ಎತ್ತರಕ್ಕೆ ಏಳುತ್ತೆ. ಏರು ಇಳಿವನ್ನು ಸೇರಿದ ಕಡೆ ಎರಡೂ ಸೇರಿ ಏನೂ ಇಲ್ಲದಂತಾಗುತ್ತೆ. ಕ್ಯೂಬಿಟ್‌ಗಳ ಒಳಗಿರುವ ಸಂಖ್ಯೆಗಳೂ ಹೀಗೆಯೇ. ಅವು ಮಾಮೂಲಿ ಸಂಭವನೀಯತೆಯ ಹಾಗೆ ಸೊನ್ನೆಯಿಂದ ಮೇಲೆ ಮಾತ್ರ ಇರೋದಿಲ್ಲ, ಮೈನಸ್ ಕೂಡ ಆಗಬಹುದು. ಹಾಗಾಗಿ ಒಂದನ್ನೊಂದು ಅಳಿಸಿ ಹಾಕಬಲ್ಲವು.

ಕ್ವಾಂಟಂ ಪ್ರೋಗ್ರಾಂ ಬರೆಯೋದು ಅಂದರೆ ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ನುಂಗಿಕೊಂಡು, ಸರಿ ಉತ್ತರದ ಅಲೆ ಮಾತ್ರ ಎದ್ದು ನಿಲ್ಲುವ ಹಾಗೆ ಏರ್ಪಾಡು ಮಾಡೋದು. ಸರಿ ಉತ್ತರ ಯಾವುದು ಅಂತ ಮೊದಲೇ ಗೊತ್ತಿಲ್ಲದೆ ಈ ಏರ್ಪಾಡು ಮಾಡಬೇಕು! ಎಲ್ಲ ಸಮಸ್ಯೆಗೂ ಇದು ಆಗೋದಿಲ್ಲ. ಸಮಸ್ಯೆಯ ಒಳಗೆ ಒಂದು ಲಯ, ಒಂದು ವಿನ್ಯಾಸ ಇರಬೇಕು. ಅಂಥ ಸಮಸ್ಯೆಗಳು ಕಡಿಮೆ. ಆದರೆ ಆ ಕಡಿಮೆಯಲ್ಲೇ ನಮ್ಮ ಬ್ಯಾಂಕಿನ ಬೀಗದಕೈ ಇದೆ.

ತಾಳ ಹಿಡಿಯುವ ಯಂತ್ರ

ಇಂಟರ್ನೆಟ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆರ್‌ಎಸ್‌ಎ ಅನ್ನೋ ಬೀಗ ನಿಂತಿರೋದು ಒಂದು ಸರಳ ಸಂಗತಿಯ ಮೇಲೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸೋದು ಸುಲಭ, ಗುಣಲಬ್ಧ ಕೊಟ್ಟು ಆ ಎರಡನ್ನು ಹುಡುಕು ಅಂದರೆ ಕಷ್ಟ. ಎಷ್ಟು ಕಷ್ಟ? 250 ಅಂಕಿಗಳ ಒಂದು ಸಂಖ್ಯೆಯನ್ನು 2020ರಲ್ಲಿ ಸಂಶೋಧಕರು ಒಡೆದರು. ಅದಕ್ಕೆ ಹಿಡಿದದ್ದು ಒಂದೇ ಪ್ರೊಸೆಸರ್ ಕೋರ್ ಆಗಿದ್ದರೆ ಸುಮಾರು 2700 ವರ್ಷಗಳ ಕೆಲಸ. ಇವತ್ತು ಸಾಮಾನ್ಯವಾಗಿ ಬಳಸುವ ಆರ್‌ಎಸ್‌ಎ ಸಂಖ್ಯೆಗೆ 617 ಅಂಕಿ ಇರುತ್ತೆ.

1994ರಲ್ಲಿ ಪೀಟರ್ ಶೋರ್ ಎಂಬ ಗಣಿತಜ್ಞ ಈ ಕಷ್ಟವನ್ನು ಕ್ವಾಂಟಂ ಕಂಪ್ಯೂಟರ್ ಸುಲಭ ಮಾಡಬಲ್ಲದು ಅಂತ ತೋರಿಸಿದರು. ಹೇಗೆ ಅಂತ 15ನ್ನು ಒಡೆದು ನೋಡೋಣ. ಕಾಫಿ ಕುಡೀತಾ ಮಾಡುವಷ್ಟು ಸುಲಭ.

7ನ್ನು ತಗೊಳ್ಳಿ. ಪ್ರತಿ ಸಲ 7ರಿಂದ ಗುಣಿಸಿ, 15ರಿಂದ ಭಾಗಿಸಿ, ಶೇಷ ಮಾತ್ರ ಬರೆಯಿರಿ. ಬರುವ ಸಾಲು: 7, 4, 13, 1, 7, 4, 13, 1... ನಾಲ್ಕಕ್ಕೊಮ್ಮೆ ಮತ್ತೆ ಶುರು. ಆ ಆವರ್ತ 4. ಅದರ ಅರ್ಧ 2. ಈಗ 7ರ ವರ್ಗ 49. ಅದಕ್ಕಿಂತ ಒಂದು ಕಡಿಮೆ 48, ಒಂದು ಹೆಚ್ಚು 50. 48 ಮತ್ತು 15ರ ಮಹತ್ತಮ ಸಾಮಾನ್ಯ ಅಪವರ್ತನ 3. 50 ಮತ್ತು 15ರದ್ದು 5. ಮುಗೀತು, 15 ಅಂದರೆ 3 ಗುಣಿಸು 5.

ಇಲ್ಲಿ ಕಷ್ಟ ಇರೋದು ಒಂದೇ ಹೆಜ್ಜೆಯಲ್ಲಿ, ಆವರ್ತ ಕಂಡುಹಿಡಿಯೋದು. 15ಕ್ಕೆ ಅದು 4. 617 ಅಂಕಿಗಳ ಸಂಖ್ಯೆಗೆ ಆ ಆವರ್ತವೇ ನೂರಾರು ಅಂಕಿಗಳಷ್ಟು ಉದ್ದ. ಮಾಮೂಲಿ ಕಂಪ್ಯೂಟರ್ ಆ ಸಾಲಿನಲ್ಲಿ ಹೆಜ್ಜೆ ಹಾಕುತ್ತಾ ಹೋದರೆ ಯುಗ ಮುಗಿದರೂ ತಿರುವು ಸಿಗೋದಿಲ್ಲ.

ಕಛೇರಿಯಲ್ಲಿ ಕೂತವರು ಆದಿತಾಳ ಅಂತ ಹೇಗೆ ಗುರುತಿಸ್ತಾರೆ? ಒಂದೊಂದು ಸ್ವರ ನೆನಪಿಟ್ಟುಕೊಂಡಲ್ಲ. ಎಂಟು ಅಕ್ಷರಕ್ಕೊಮ್ಮೆ ಸಮಕ್ಕೆ ಬರೋದನ್ನು ಕಿವಿ ಒಟ್ಟಾಗಿ ಹಿಡಿಯುತ್ತೆ. ಶೋರ್ ವಿಧಾನ ಮಾಡೋದು ಹೆಚ್ಚುಕಡಿಮೆ ಇದನ್ನೇ. ಇಡೀ ಸಾಲನ್ನು ಕ್ಯೂಬಿಟ್‌ಗಳಲ್ಲಿ ಒಟ್ಟಿಗೆ ಇಟ್ಟು, ಅಲೆಗಳು ಒಂದನ್ನೊಂದು ಸೇರುವ ಹಾಗೆ ಮಾಡುತ್ತೆ. ತಾಳಕ್ಕೆ ಹೊಂದದ ಅಲೆಗಳೆಲ್ಲ ಅಳಿಸಿ ಹೋಗ್ತವೆ. ತಾಳದ ಅಳತೆ ಉಳಿಯುತ್ತೆ. ಸಾಲಿನಲ್ಲಿರುವ ಪ್ರತಿ ಸಂಖ್ಯೆ ನಮಗೆ ಸಿಗೋದಿಲ್ಲ, ಬೇಕಾಗಿಯೂ ಇಲ್ಲ. ತಾಳ ಸಿಕ್ಕರೆ ಸಾಕು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಮಾಮೂಲಿ ಕಂಪ್ಯೂಟರ್‌ಗೆ ಅಪವರ್ತನ ಸುಲಭ ಆಗೋದೇ ಇಲ್ಲ ಅಂತ ಯಾರೂ ಸಾಬೀತು ಮಾಡಿಲ್ಲ. ಇದುವರೆಗೆ ಯಾರಿಗೂ ಸುಲಭ ದಾರಿ ಸಿಕ್ಕಿಲ್ಲ, ಅಷ್ಟೇ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸೇರಿ, ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಖಚಿತವಾಗಿ, ಬೇಗ ಹೇಳುವ ವಿಧಾನ ಕೊಟ್ಟಾಗ ಜಗತ್ತೇ ಬೆರಗಾಗಿತ್ತು. ಗಣಿತದಲ್ಲಿ ಇಂಥ ಅಚ್ಚರಿಗಳು ಆಗ್ತಾ ಇರುತ್ತವೆ.

ಇನ್ನೇನು ಮಾಡಬಲ್ಲದು, ಏನು ಮಾಡಲಾರದು

ಎರಡನೇ ದೊಡ್ಡ ಕೆಲಸ, ಪ್ರಕೃತಿಯನ್ನೇ ಅನುಕರಿಸೋದು. ಅಣು ಪರಮಾಣುಗಳು ಕ್ವಾಂಟಂ ನಿಯಮದಂತೆ ನಡೆಯೋದರಿಂದ ಅವುಗಳ ಲೆಕ್ಕಕ್ಕೆ ಕ್ವಾಂಟಂ ಯಂತ್ರವೇ ಬೇಕು ಅಂತ ರಿಚರ್ಡ್ ಫೈನ್‌ಮನ್ 1981ರಲ್ಲೇ ವಾದಿಸಿದ್ದರು. ಮಣ್ಣಿನ ಬ್ಯಾಕ್ಟೀರಿಯಾಗಳು ಗಾಳಿಯ ನೈಟ್ರೋಜನ್ ಅನ್ನು ಮಾಮೂಲಿ ಉಷ್ಣತೆಯಲ್ಲೇ ಗಿಡಕ್ಕೆ ಬೇಕಾದ ರೂಪಕ್ಕೆ ತಿರುಗಿಸ್ತವೆ. ಅದೇ ಕೆಲಸಕ್ಕೆ ನಮ್ಮ ರಸಗೊಬ್ಬರ ಕಾರ್ಖಾನೆಗೆ ನೂರಾರು ಡಿಗ್ರಿ ಬಿಸಿ, ಭಾರಿ ಒತ್ತಡ ಬೇಕು. ಆ ಬ್ಯಾಕ್ಟೀರಿಯಾದ ಕಿಣ್ವದೊಳಗಿನ ಎಲೆಕ್ಟ್ರಾನುಗಳ ಆಟವನ್ನು ಪೂರ್ತಿ ನಿಖರವಾಗಿ ಲೆಕ್ಕ ಹಾಕೋಕೆ ಇವತ್ತಿನ ಸೂಪರ್ ಕಂಪ್ಯೂಟರ್‌ಗಳೂ ತಿಣುಕ್ತವೆ. ರೈತರಿರುವ ಮನೆಯವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಮೂರನೆಯದು ಹುಡುಕಾಟ. ಐಐಟಿ ದೆಹಲಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಕೊಟ್ಟ ವಿಧಾನ. ಹತ್ತು ಲಕ್ಷ ಕೀಲಿಕೈಗಳಲ್ಲಿ ಒಂದು ಮಾತ್ರ ಬೀಗಕ್ಕೆ ಹೊಂದುತ್ತೆ ಅಂದುಕೊಳ್ಳಿ. ಮಾಮೂಲಿಯಾಗಿ ಸರಾಸರಿ ಐದು ಲಕ್ಷ ಸಲ ನೋಡಬೇಕು. ಗ್ರೋವರ್ ವಿಧಾನಕ್ಕೆ 800ಕ್ಕಿಂತ ಕಡಿಮೆ ಹೆಜ್ಜೆ ಸಾಕು. ಅದ್ಭುತ ಅನ್ನಿಸುತ್ತೆ, ಆದರೆ ಇದು ವರ್ಗಮೂಲದಷ್ಟೇ ಲಾಭ. ಕೀಲಿಯ ಉದ್ದ ಎರಡರಷ್ಟು ಮಾಡಿದರೆ ಆ ಲಾಭವೂ ಹೋಯ್ತು. ಹಾಗಾಗಿಯೇ 256 ಬಿಟ್‌ನ ಎಇಎಸ್ ಬೀಗದ ಬಗ್ಗೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಂಡಿಲ್ಲ.

ಮಾಡಲಾರದ ಪಟ್ಟಿ ಇನ್ನೂ ಉದ್ದ. ನಿಮ್ಮ ಎಕ್ಸೆಲ್ ಬೇಗ ಓಡೋದಿಲ್ಲ, ರೀಲ್ಸ್ ಬೇಗ ಲೋಡ್ ಆಗೋದಿಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ ಕರಗೋದಿಲ್ಲ. ಕೆಲವು ಸಲ ಇದೆ ಅಂದುಕೊಂಡ ಲಾಭವೂ ಕೈಬಿಟ್ಟು ಹೋಗುತ್ತೆ. ಸಿನಿಮಾ, ಪುಸ್ತಕ ಶಿಫಾರಸು ಮಾಡುವ ಒಂದು ಬಗೆಯ ಲೆಕ್ಕಕ್ಕೆ ಕ್ವಾಂಟಂ ಯಂತ್ರವೇ ಬೇಕು ಅಂತ ನಂಬಿದ್ದ ಕಾಲದಲ್ಲಿ, 2018ರಲ್ಲಿ ಯುವಿನ್ ಟ್ಯಾಂಗ್ ಎಂಬ 18ರ ವಿದ್ಯಾರ್ಥಿನಿ ಮಾಮೂಲಿ ಕಂಪ್ಯೂಟರ್‌ನಲ್ಲೇ ಸರಿಸುಮಾರು ಅಷ್ಟೇ ಚೆನ್ನಾಗಿ ಮಾಡುವ ವಿಧಾನ ತೋರಿಸಿದಳು. ಕ್ವಾಂಟಂ ವಿಧಾನವನ್ನು ಓದಿಯೇ ಅವಳಿಗೆ ಆ ದಾರಿ ಹೊಳೆದದ್ದು!

ಇನ್ನು 'ಸಾವಿರಾರು ವರ್ಷದ ಕೆಲಸ ನಿಮಿಷದಲ್ಲಿ' ಅನ್ನೋ ಹೆಡ್‌ಲೈನ್‌ಗಳು. 2019ರಲ್ಲಿ ಗೂಗಲ್‌ನ 53 ಕ್ಯೂಬಿಟ್‌ನ ಯಂತ್ರ 200 ಸೆಕೆಂಡಿನಲ್ಲಿ ಮಾಡಿದ್ದಕ್ಕೆ ಸೂಪರ್ ಕಂಪ್ಯೂಟರ್‌ಗೆ 10,000 ವರ್ಷ ಬೇಕು ಅಂದರು. ಎರಡೂವರೆ ದಿನ ಸಾಕು ಅಂತ ಐಬಿಎಂ ಆಗಲೇ ತಕರಾರು ತೆಗೆಯಿತು. ಆಮೇಲೆ ಬೇರೆಯವರು ಮಾಮೂಲಿ ಯಂತ್ರಗಳಲ್ಲೇ ಅದನ್ನು ಮಾಡಿ ತೋರಿಸಿದರು. 2024ರ ಡಿಸೆಂಬರ್‌ನಲ್ಲಿ ಬಂದ 105 ಕ್ಯೂಬಿಟ್‌ನ 'ವಿಲೋ' ಬಗ್ಗೆಯೂ ವರ್ಷಗಳ ಲೆಕ್ಕವೇ ಸುದ್ದಿಯಾಯ್ತು. ಎರಡೂ ಸಲ ಬಿಡಿಸಿದ್ದು ಯಾರಿಗೂ ಉಪಯೋಗವಿಲ್ಲದ, ಪರೀಕ್ಷೆಗೆಂದೇ ಮಾಡಿದ ಲೆಕ್ಕ. ವಿಲೋದಲ್ಲಿ ನಿಜವಾಗಿ ದೊಡ್ಡದು ಇನ್ನೊಂದು ಫಲಿತಾಂಶ: ಕ್ಯೂಬಿಟ್‌ಗಳನ್ನು ಹೆಚ್ಚು ಸೇರಿಸಿದಷ್ಟೂ ತಪ್ಪುಗಳು ಕಡಿಮೆ ಆಗುವಂತೆ ಮಾಡಿದ್ದು. ಅದರ ಬಗ್ಗೆ ಮಾತಾಡಿದವರು ಕಡಿಮೆ.

ಎರಡನೇ ಉತ್ತರ: ಬೆಂಗಳೂರು, ಡಿಸೆಂಬರ್ 1984

ಇಲ್ಲಿವರೆಗೂ ಹೇಳಿದ್ದೆಲ್ಲ 'ಬೇಗ' ಮತ್ತು 'ನಿಧಾನ'ದ ವ್ಯತ್ಯಾಸ. ಈಗ 'ಆಗುತ್ತೆ' ಮತ್ತು 'ಆಗೋದೇ ಇಲ್ಲ' ಅನ್ನೋ ವ್ಯತ್ಯಾಸಕ್ಕೆ ಬರೋಣ. ಅದಕ್ಕೆ ಮತ್ತೆ ನೋಟಿನ ಕಥೆಗೇ ಹೋಗಬೇಕು.

ಸ್ಟೀಫನ್ ವೀಸ್ನರ್ ಅನ್ನೋ ಯುವಕ ಸುಮಾರು 1970ರಲ್ಲಿ ಒಂದು ವಿಚಿತ್ರ ನೋಟಿನ ಕಲ್ಪನೆ ಮಾಡಿದ. ನೋಟಿನ ಮೇಲೆ ಮಾಮೂಲಿ ಕ್ರಮಸಂಖ್ಯೆ ಇರುತ್ತೆ. ಜೊತೆಗೆ ಕೆಲವು ಕ್ವಾಂಟಂ ಕಣಗಳು ಒಳಗೆ ಬಂಧಿಯಾಗಿರುತ್ತವೆ. ಪ್ರತಿ ಕಣವನ್ನು ಯಾವ ದಿಕ್ಕಿಗೆ ನಿಲ್ಲಿಸಿದೆ ಅಂತ ಬ್ಯಾಂಕಿಗೆ ಮಾತ್ರ ಗೊತ್ತು. ನಕಲಿ ಮಾಡೋನು ಆ ದಿಕ್ಕು ತಿಳಿಯೋಕೆ ಕಣವನ್ನು ಅಳೆಯಲೇಬೇಕು. ತಪ್ಪು ರೀತಿಯಲ್ಲಿ ಅಳೆದ ಕೂಡಲೇ ಮೂಲವೇ ಕೆಟ್ಟು ಹೋಗುತ್ತೆ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯೊಂದರ ಪಕ್ಕಾ ನಕಲು ಮಾಡುವ ಯಂತ್ರ ಇರಲು ಸಾಧ್ಯವೇ ಇಲ್ಲ ಅಂತ 1982ರಲ್ಲಿ ಸಾಬೀತೂ ಆಯ್ತು. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಕಾಪಿ-ಪೇಸ್ಟ್ ಅನ್ನೋದು ಉಸಿರಾಟ. ಇಲ್ಲಿ ಕಾಪಿಗೆ ಪ್ರಕೃತಿಯೇ ಅಡ್ಡ ನಿಲ್ಲುತ್ತೆ.

ವೀಸ್ನರ್ ಪ್ರಬಂಧವನ್ನು ಯಾರೂ ಅಚ್ಚು ಮಾಡಲಿಲ್ಲ. 1983ರವರೆಗೂ ಅದು ಹಾಗೇ ಉಳೀತು. ಆದರೆ ಅವನ ಗೆಳೆಯ, ಐಬಿಎಂನ ಚಾರ್ಲ್ಸ್ ಬೆನೆಟ್ ಅದನ್ನು ಮರೆಯಲಿಲ್ಲ. 1979ರಲ್ಲಿ ಪೋರ್ಟೊರಿಕೋದ ಸ್ಯಾನ್ ವಾನ್‌ನಲ್ಲಿ ಒಂದು ಸಮ್ಮೇಳನ. ಕೆನಡಾದ ಜೀಲ್ ಬ್ರಸಾರ್ ಸಮುದ್ರದಲ್ಲಿ ಈಜ್ತಾ ಇದ್ದಾಗ, ಪರಿಚಯವೇ ಇಲ್ಲದ ಬೆನೆಟ್ ಈಜಿಕೊಂಡು ಬಂದು ನಕಲಾಗದ ನೋಟಿನ ವಿಷಯ ತೆಗೆದರಂತೆ. ನೀರಿನಲ್ಲಿ ಶುರುವಾದ ಆ ಗೆಳೆತನದಿಂದ ಬಂದದ್ದೇ ಮುಂದಿನ ಯೋಚನೆ: ಬೆಳಕಿನ ಕಣವನ್ನು ನೋಟಿನಲ್ಲಿ ಬಂಧಿಸಿಡೋದು ಮಹಾ ಕಷ್ಟ. ಬೆಳಕಿರೋದು ಓಡೋಕೆ. ಅದರ ಕೈಯಲ್ಲಿ ಗುಟ್ಟಿನ ಸಂದೇಶ ಕೊಟ್ಟು ಕಳಿಸಿದರೆ?

1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಐಇಇಇ ಸಂಸ್ಥೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೀತು. ಕಂಪ್ಯೂಟರು, ಸಿಸ್ಟಮ್ಸ್ ಮತ್ತು ಸಿಗ್ನಲ್ ಸಂಸ್ಕರಣೆ ಅದರ ವಿಷಯ. ಬೆನೆಟ್ ಮತ್ತು ಬ್ರಸಾರ್ ಅವರ ಪ್ರಬಂಧ ಅಲ್ಲಿಯ ಸಂಪುಟದಲ್ಲಿ 175ರಿಂದ 179ನೇ ಪುಟದವರೆಗೆ ಇದೆ. ಬರೀ ಐದು ಪುಟ. ಜಗತ್ತು ಇವತ್ತು ಅದನ್ನು 'ಬಿಬಿ84' ಅಂತ ಕರೆಯುತ್ತೆ, ಇಬ್ಬರ ಹೆಸರಿನ ಮೊದಲಕ್ಷರ ಮತ್ತು ಇಸವಿ ಸೇರಿಸಿ. ಕ್ವಾಂಟಂ ಗೂಢಲಿಪಿ ಎಂಬ ಇಡೀ ಶಾಖೆ ನಿಂತಿರೋದು ಆ ಐದು ಪುಟಗಳ ಮೇಲೆ. ಪ್ರಪಂಚದ ಯಾವುದೇ ಪಠ್ಯಪುಸ್ತಕ ತೆಗೆದರೂ ಆ ಪ್ರಬಂಧದ ಪಕ್ಕದಲ್ಲಿ 'ಬೆಂಗಳೂರು' ಅಂತ ಇರುತ್ತೆ. ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಕದ್ದು ನೋಡಿದರೆ ಕಲೆ ಬೀಳುತ್ತೆ

ಬಿಬಿ84 ಕೆಲಸ ಮಾಡುವ ರೀತಿ ಹೀಗೆ. ಬೆಳಕಿನ ಒಂದು ಕಣವನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದು 'ನೆಟ್ಟಗೆ-ಅಡ್ಡ' ಬಗೆ, ಇನ್ನೊಂದು 'ಓರೆ' ಬಗೆ. ಎರಡರಲ್ಲೂ 0 ಮತ್ತು 1 ಬರೆಯಬಹುದು. ಬರೆದ ಬಗೆಯಲ್ಲೇ ಓದಿದರೆ ಸರಿಯಾಗಿ ಸಿಗುತ್ತೆ. ಬೇರೆ ಬಗೆಯಲ್ಲಿ ಓದಿದರೆ ಸಿಗೋದು ನಾಣ್ಯ ಚಿಮ್ಮಿದಂಥ ಉತ್ತರ. ಬರೆದದ್ದೂ ಅಳಿಸಿ ಹೋಗುತ್ತೆ.

ಮೈಸೂರಿನಿಂದ ಬೆಂಗಳೂರಿಗೆ ಹೀಗೆ ಕಣಗಳನ್ನು ಒಂದರ ಹಿಂದೆ ಒಂದು ಕಳಿಸ್ತೀವಿ ಅಂದುಕೊಳ್ಳಿ. ಕಳಿಸುವವರು ಬಗೆಯನ್ನು ಮನಸ್ಸಿಗೆ ಬಂದಂತೆ ಆರಿಸ್ತಾರೆ. ಓದುವವರೂ ಹಾಗೇ. ಎಲ್ಲ ಮುಗಿದ ಮೇಲೆ ಇಬ್ಬರೂ ಫೋನಿನಲ್ಲಿ ಯಾವ ಕಣಕ್ಕೆ ಯಾವ ಬಗೆ ಅಂತ ಮಾತ್ರ ಹೇಳಿಕೊಳ್ತಾರೆ, 0 ಅಥವಾ 1 ಅಂತ ಬಾಯಿ ಬಿಡೋದಿಲ್ಲ. ಬಗೆ ಹೊಂದಿದ ಅರ್ಧದಷ್ಟು ಕಣಗಳನ್ನು ಇಟ್ಟುಕೊಂಡು ಉಳಿದದ್ದು ಬಿಸಾಕ್ತಾರೆ. ಉಳಿದದ್ದೇ ಇಬ್ಬರ ಗುಟ್ಟಿನ ಕೀಲಿ.

ಮಧ್ಯೆ ಮದ್ದೂರಿನಲ್ಲಿ ಒಬ್ಬ ಕಳ್ಳ ಕೂತಿದ್ದಾನೆ ಅನ್ನೋಣ. ಅವನಿಗೂ ಬಗೆ ಗೊತ್ತಿಲ್ಲ, ಅರ್ಧ ಸಲ ತಪ್ಪು ಆರಿಸ್ತಾನೆ. ತಪ್ಪು ಓದಿ ಮುಂದೆ ಕಳಿಸಿದಾಗ ಬೆಂಗಳೂರಿನವರಿಗೆ ಅರ್ಧ ಸಲ ತಪ್ಪು ಉತ್ತರ ಹೋಗುತ್ತೆ. ಒಟ್ಟಿನಲ್ಲಿ ಅವನು ಮುಟ್ಟಿದ ಕೀಲಿಯಲ್ಲಿ ನಾಲ್ಕಕ್ಕೆ ಒಂದು ತಪ್ಪು. ಕೀಲಿಯ 50 ಬಿಟ್‌ಗಳನ್ನು ಇಬ್ಬರೂ ಬಹಿರಂಗವಾಗಿ ಹೋಲಿಸಿ ನೋಡಿದರೆ ಸಾಕು, ಎಲ್ಲವನ್ನೂ ಕದ್ದು ಓದಿದ ಕಳ್ಳ ಸಿಕ್ಕಿಬೀಳದೆ ಉಳಿಯುವ ಸಾಧ್ಯತೆ ಒಂದು ಕೋಟಿಯಲ್ಲಿ ಆರಕ್ಕಿಂತ ಕಡಿಮೆ.

ತಂತಿಯಲ್ಲಿ ಹೋಗುವ ಮಾಮೂಲಿ ಬಿಟ್‌ಗೆ ಈ ಗುಣ ಇಲ್ಲ. ಎಷ್ಟೇ ದೊಡ್ಡ ಕಂಪ್ಯೂಟರ್ ಇರಲಿ, ಎಷ್ಟೇ ವರ್ಷ ಕೊಡಿ, ಯಾರೋ ನಕಲು ತೆಗೆದುಕೊಂಡರು ಅಂತ ಬಿಟ್ ಬಂದು ಚಾಡಿ ಹೇಳೋದಿಲ್ಲ. 'ಕ್ವಾಂಟಂ ಮಾಡಬಲ್ಲದು, ಮಾಮೂಲಿ ಮಾಡಲೇ ಆರದು' ಅನ್ನೋದಕ್ಕೆ ಪಕ್ಕಾ ಉದಾಹರಣೆ ಇದು. ತಮಾಷೆ ಅಂದರೆ ಇದಕ್ಕೆ ಕ್ವಾಂಟಂ ಕಂಪ್ಯೂಟರ್ ಬೇಕೇ ಇಲ್ಲ. ಬೆಳಕಿನ ಮೂಲ, ಫಿಲ್ಟರು, ಡಿಟೆಕ್ಟರು ಇದ್ದರೆ ಆಯ್ತು.

1989ರಲ್ಲಿ ಬೆನೆಟ್, ಬ್ರಸಾರ್ ಮತ್ತು ಜೊತೆಗಾರರು ಮೊದಲ ಪ್ರಯೋಗ ಮಾಡಿದಾಗ ಬೆಳಕು ಹೋದ ದೂರ ಸುಮಾರು 30 ಸೆಂಟಿಮೀಟರ್. ಶಾಲೆಯ ಸ್ಕೇಲಿನಷ್ಟು! ಬಗೆ ಬದಲಾಯಿಸುವ ಉಪಕರಣ ಒಂದೊಂದು ಬಗೆಗೂ ಬೇರೆ ಬೇರೆ ಸದ್ದು ಮಾಡ್ತಿತ್ತಂತೆ. ಹಾಗಾಗಿ ಕಿವಿ ಕೇಳದ ಕಳ್ಳನ ವಿರುದ್ಧ ಮಾತ್ರ ಇದು ಭದ್ರ ಅಂತ ಬ್ರಸಾರ್ ಆಮೇಲೆ ನಗೆಯಾಡಿದ್ದಾರೆ. ನಗುವಿನ ಹಿಂದೆ ಪಾಠವೂ ಇದೆ. ಸಿದ್ಧಾಂತ ಭದ್ರ ಇದ್ದ ಮಾತ್ರಕ್ಕೆ ಡಬ್ಬಿ ಭದ್ರ ಇರಬೇಕಿಲ್ಲ. ಜೊತೆಗೆ ಫೋನಿನ ಆ ಕಡೆ ಇರೋರು ನಿಜವಾಗಿ ನಮ್ಮವರೇನಾ ಅಂತ ಖಚಿತ ಮಾಡಿಕೊಳ್ಳೋಕೆ ಬೇರೆ ಏರ್ಪಾಡು ಬೇಕೇ ಬೇಕು.

2021ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ವಶಿ ಸಿನ್ಹಾ ಅವರ ತಂಡ ಎರಡು ಕಟ್ಟಡಗಳ ನಡುವೆ, ಬಯಲಿನ ಗಾಳಿಯಲ್ಲೇ, 50 ಮೀಟರ್ ದೂರ ಕ್ವಾಂಟಂ ಸಂವಹನ ಮಾಡಿ ತೋರಿಸಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್, ಉಪಗ್ರಹದ ಮೂಲಕ 2000 ಕಿಲೋಮೀಟರ್ ದೂರದ ಭದ್ರ ಸಂವಹನದ ಗುರಿ ಇಟ್ಟುಕೊಂಡಿದೆ. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ರಾಜ್ಯ ಸರ್ಕಾರವೂ 2025ರಲ್ಲಿ ಕ್ವಾಂಟಂಗೆಂದು 1000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಐಡಿಯಾ ಬೆಂಗಳೂರಿನಲ್ಲಿ ಮಂಡನೆಯಾಗಿ ನಾಲ್ಕು ದಶಕ ಆದ ಮೇಲೆ ದುಡ್ಡು ಬೆಂಗಳೂರಿಗೆ ಬಂದಿದೆ ಅನ್ನಬಹುದು.

ನಮಗೇನು?

"ಹಾಗಾದ್ರೆ ನಾಳೆ ಬೆಳಗ್ಗೆ ನನ್ನ ಯುಪಿಐ ಖಾಲಿ ಆಗುತ್ತಾ?" ಇಲ್ಲ. 2048 ಬಿಟ್‌ನ ಆರ್‌ಎಸ್‌ಎ ಒಡೆಯೋಕೆ 2 ಕೋಟಿ ಕ್ಯೂಬಿಟ್ ಬೇಕು ಅಂತ 2019ರಲ್ಲಿ ಅಂದಾಜು ಮಾಡಿದ್ದರು. 2025ರ ಮೇನಲ್ಲಿ ಗೂಗಲ್‌ನ ಕ್ರೇಗ್ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಇವತ್ತಿನ ಯಂತ್ರಗಳಲ್ಲಿರೋದು ನೂರು, ಸಾವಿರದ ಲೆಕ್ಕ. ದೂರ ಇದೆ. ಆದರೆ ಗಮನಿಸಿ, ಯಂತ್ರ ಬೆಳೆಯುತ್ತಾ ಇದ್ದ ಹಾಗೇ ಗುರಿಯೂ ನಮ್ಮ ಕಡೆಗೇ ನಡೆದು ಬರ್ತಿದೆ. ಆರು ವರ್ಷದಲ್ಲಿ ಇಪ್ಪತ್ತು ಪಟ್ಟು.

ನಿಜವಾದ ಚಿಂತೆ ನಾಳೆಯದಲ್ಲ, ಇವತ್ತಿನದು. ಇವತ್ತು ಬೀಗ ಹಾಕಿ ಕಳಿಸಿದ ಡೇಟಾವನ್ನು ಯಾರಾದರೂ ಹಾಗೇ ಕದ್ದಿಟ್ಟುಕೊಂಡು, ಹದಿನೈದು ವರ್ಷ ಆದ ಮೇಲೆ ಬಿಚ್ಚಬಹುದು. ಒಟಿಪಿಗೆ ಹದಿನೈದು ವರ್ಷದ ಬಾಳಿಕೆ ಇಲ್ಲ, ಅದು ಹೋದರೆ ಹೋಗಲಿ. ಆದರೆ ನಿಮ್ಮ ಆಸ್ಪತ್ರೆಯ ರಿಪೋರ್ಟು? ನಿಮ್ಮ ಮಗುವಿನ ಬೆರಳಚ್ಚು? ಪಾಸ್‌ವರ್ಡ್ ಬದಲಾಯಿಸಬಹುದು, ಬೆರಳು ಬದಲಾಯಿಸೋಕಾಗಲ್ಲ. ಹದಿನೈದು ವರ್ಷ ಗುಟ್ಟಾಗಿ ಉಳಿಯಬೇಕಾದ್ದಕ್ಕೆ ಕ್ವಾಂಟಂ ಕಂಪ್ಯೂಟರ್ ಇವತ್ತೇ ಅಪಾಯ.

ಮದ್ದು ಇದೆ, ಅದೂ ಮಾಮೂಲಿ ಕಂಪ್ಯೂಟರ್‌ನಲ್ಲೇ ಓಡುವ ಮದ್ದು. ಶೋರ್ ವಿಧಾನ ಹಿಡಿಯುವಂಥ ತಾಳ ಇಲ್ಲದ ಗಣಿತದ ಮೇಲೆ ಹೊಸ ಬೀಗಗಳನ್ನು ಕಟ್ಟಿದ್ದಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂಥ ಮೊದಲ ಮೂರು ಮಾನಕಗಳನ್ನು ಹೊರತಂದಿತು. ಸಿಗ್ನಲ್ ಆ್ಯಪ್ 2023ರಲ್ಲಿ, ಆ್ಯಪಲ್‌ನ ಐಮೆಸೇಜ್ 2024ರಲ್ಲಿ ಆ ಹಾದಿ ಹಿಡಿದವು. ಫೋನಿನ ಅಪ್‌ಡೇಟ್ ಮುಂದೂಡಬೇಡಿ ಅಂತ ಹೇಳೋದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ನಮ್ಮಂತೆ ಕೋಡ್ ಬರೆಯುವವರಿಗೆ ಒಂದು ಮನೆಗೆಲಸ. ನಿಮ್ಮ ಪ್ರಾಜೆಕ್ಟಿನಲ್ಲಿ ಹಳೇ ಬೀಗಗಳು ಎಲ್ಲೆಲ್ಲಿ ಇವೆ ಅಂತ ಒಂದು ಪಟ್ಟಿ ಮಾಡಿ. ಸರ್ಟಿಫಿಕೇಟು, ವಿಪಿಎನ್, ಬ್ಯಾಕಪ್, ಯಾರೋ ಆರು ವರ್ಷದ ಹಿಂದೆ ಸೇರಿಸಿ ಮರೆತ ಲೈಬ್ರರಿ. ಬೀಗ ಬದಲಾಯಿಸೋದು ಸುಲಭ, ಬಾಗಿಲು ಎಷ್ಟಿವೆ ಅಂತ ಗೊತ್ತಿದ್ದರೆ. ಸೋಮವಾರದ ಮೀಟಿಂಗಿನಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಎಷ್ಟು ಜನ ಮುಖ ಮುಖ ನೋಡ್ತಾರೆ ಅಂತ.

ಇನ್ನು 'ಕ್ವಾಂಟಂ' ಅಂತ ಸ್ಟಿಕ್ಕರ್ ಅಂಟಿಸಿ ಕೋರ್ಸು, ಷೇರು, ನೀರಿನ ಬಾಟಲಿವರೆಗೂ ಮಾರೋರು ಬರ್ತಾರೆ. ದುಡ್ಡು ಕೊಡೋ ಮೊದಲು ಮೂರೇ ಪ್ರಶ್ನೆ ಕೇಳಿ. ಯಾವ ಲೆಕ್ಕ ಬೇಗ ಆಗುತ್ತೆ? ಅತ್ಯುತ್ತಮ ಮಾಮೂಲಿ ವಿಧಾನದ ಜೊತೆ ಹೋಲಿಸಿ ನೋಡಿದ್ದೀರಾ? ಎಷ್ಟು ಕ್ಯೂಬಿಟ್, ತಪ್ಪಿನ ಪ್ರಮಾಣ ಎಷ್ಟು? ಮೂರಕ್ಕೂ ನೇರ ಉತ್ತರ ಬಂದರೆ ಕೂತು ಮಾತಾಡಿ. ಬರದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ. ಕಲಿಯಲೇಬೇಕು ಅನ್ನಿಸಿದರೆ ಎಂಜಿನಿಯರಿಂಗ್ ಎರಡನೇ ವರ್ಷದ ಮ್ಯಾಟ್ರಿಕ್ಸ್ ಪುಸ್ತಕದ ಧೂಳು ಕೊಡವಿ. 25 ಕ್ಯೂಬಿಟ್‌ವರೆಗೆ ಪ್ರಯೋಗ ಮಾಡೋಕೆ ಲ್ಯಾಪ್‌ಟಾಪ್ ಸಾಕು, ಮೇಲೆ ಲೆಕ್ಕ ಹಾಕಿದ್ದೇವಲ್ಲ.

ವೀಸ್ನರ್ ಕನಸಿನ ನೋಟು ಮಾತ್ರ ಇನ್ನೂ ಬಂದಿಲ್ಲ. ಜೇಬಿನಲ್ಲಿಟ್ಟುಕೊಂಡು ದೇವರಾಜ ಮಾರ್ಕೆಟ್‌ಗೆ ಹೋಗಿ ಬರುವಷ್ಟು ಹೊತ್ತು ಕ್ವಾಂಟಂ ಸ್ಥಿತಿಯನ್ನು ಕೆಡದಂತೆ ಕಾಪಾಡುವ ಪರ್ಸ್ ಯಾರ ಹತ್ತಿರವೂ ಇಲ್ಲ. ಅಲ್ಲಿವರೆಗೂ ನಮ್ಮ ಊರಿನ ಮುದ್ರಣಾಲಯಕ್ಕೆ ಕೆಲಸ ಇದ್ದೇ ಇರುತ್ತೆ.

ಮುಂದಿನ ಕಂತಿನಲ್ಲಿ ಈ ಹೊಸ ಬೀಗಗಳ ಒಳಗಿನ ಗಣಿತವನ್ನು ರಂಗೋಲಿ ಚುಕ್ಕಿಗಳನ್ನಿಟ್ಟು ನೋಡೋಣ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ, ಸಿಗ್ತೀನಿ.